ಸ್ತಾಮೆಂಕಾಳ ಹಳದಿ ಹೂವಿನ ಚಹಾ

ಸ್ವರ್ಲಿಗ್ ಎಂಬ ಬೆಟ್ಟದ ಊರಿನ ಸಂತೆಯಲ್ಲಿ ಸ್ತಾಮೆಂಕಾಳ ಮೇಜಿನ ಮುಂದೆ ನಿಂತು, ನನಗೇನೂ ಕಾಯಿಲೆಯಿಲ್ಲ ಎಂದು ಹೇಳಿ ಪಾರಾದವರು ಯಾರೂ ಇಲ್ಲ. ಪಕ್ಕದಲ್ಲಿ ಚೀಸು ಕೊಳ್ಳಲು ಬಂದವರನ್ನೂ ಅವಳು ತೋಳು ಹಿಡಿದು ನಿಲ್ಲಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಪಿತ್ತ ಏರಿದೆ" ಎಂದು ತೀರ್ಪು ಕೊಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆ ಊರಿಗೆ ಹೊಂದುವುದಿಲ್ಲ. ಅಲ್ಲಿ ಹಿತ್ತಲ ಗಿಡವೇ ಮೊದಲ ಮದ್ದು, ಡಾಕ್ಟರು ಆಮೇಲೆ, ಪಾದ್ರಿ ಅದಕ್ಕೂ ಆಮೇಲೆ. ಸ್ತಾಮೆಂಕಾ ತಾನೇ ಬೆಟ್ಟ ಹತ್ತಿ ಸೊಪ್ಪು ಹೂವು ಕಿತ್ತು ತಂದು, ಅಟ್ಟದ ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ಅವುಗಳಿಗೆಲ್ಲ ರಾಣಿ ಕಂತಾರಿಯನ್. ಜೂನ್ ಬಂತೆಂದರೆ ಇಳಿಜಾರುಗಳನ್ನೆಲ್ಲ ಹಳದಿ ಮಾಡುವ ಸಣ್ಣ ಹೂವು ಅದು. ಹೊಟ್ಟೆ ಉರಿಗೂ ಅದರ ಚಹಾ, ನಿದ್ದೆ ಬಾರದ್ದಕ್ಕೂ ಅದರ ಚಹಾ, ಗಂಡ ಬಿಟ್ಟುಹೋದ ದುಃಖಕ್ಕೂ ಅದೇ.

ಸ್ತಾಮೆಂಕಾಳ ಗಂಡ ಬಿಟ್ಟುಹೋಗುವ ಪೈಕಿಯಲ್ಲ. ವೆಲಿಬೋರ್ ರೈಲ್ವೆ ಗೇಟು ಕಾದು ನಿವೃತ್ತನಾದವನು. ರೈಲು ದಿನಕ್ಕೆ ನಾಲ್ಕೇ ಬರುತ್ತಿದ್ದುದರಿಂದ ಉಳಿದ ಹೊತ್ತೆಲ್ಲ ಮಾತಾಡಿ ಮಾತಾಡಿ ನಾಲಿಗೆ ಹರಿತವಾಗಿತ್ತು. ಹೆಂಡತಿಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತು, "ನಮ್ಮೋಳ ಚಹಾ ಕುಡಿದು ಸತ್ತೋರು ಒಬ್ರೂ ವಾಪಸ್ ಬಂದು ದೂರು ಹೇಳಿಲ್ಲ, ಧೈರ್ಯವಾಗಿ ತಗೊಳ್ಳಿ!" ಎಂದು ಕೂಗುತ್ತಿದ್ದ. ಅವಳು ಬೈಯುತ್ತಿದ್ದಳು, ಜನ ನಗುತ್ತಿದ್ದರು, ಪೊಟ್ಟಣ ಖರ್ಚಾಗುತ್ತಿತ್ತು.

ಅವನು ಇಂಥ ತಮಾಷೆಗಾರನಾಗಿದ್ದದ್ದೇ ಮುಳುವಾಯಿತು. ಆ ಚಳಿಗಾಲದಲ್ಲಿ ಒಂದು ದಿನ ಎದುರಿನ ಅಂಗಡಿಯ ಕೆಂಪು ಮೆಣಸಿನಕಾಯಿ ರಾಶಿ ತೋರಿಸಿ, "ಆ ಬೂಟು ಕಿಲೋಗೆ ಎಷ್ಟು?" ಎಂದು ಕೇಳಿದ. ಸಂತೆಯೇ ನಕ್ಕಿತು. ಇನ್ನೊಂದು ದಿನ ಬ್ರೆಡ್ಡಿಗೆ ಬಾಗಿಲು ಎಂದ. ಅದಕ್ಕೂ ನಕ್ಕರು, ಸ್ತಾಮೆಂಕಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಈಸ್ಟರ್ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವಳನ್ನು ಕರೆಯಲು ಬಾಯಿ ತೆರೆದ. ಹೆಸರು ಬರಲಿಲ್ಲ. ಬಾಯಿ ಮುಚ್ಚಿ ಮತ್ತೆ ತೆರೆದ. ಆಗ ಅವನ ಕಣ್ಣಲ್ಲಿದ್ದ ಭಯವನ್ನು ಅವಳು ನೋಡಿದಳು. ಆವತ್ತಿನಿಂದ ಅವಳು ನಗುವುದನ್ನು ಬಿಟ್ಟಳು.

ನೀಶ್ ಪಟ್ಟಣದಲ್ಲಿ ತಲೆಯ ಫೋಟೋ ತೆಗೆದರು. ನೋಡಿದವರು ಹೆಚ್ಚು ಮಾತಾಡದೆ ಬೆಲ್‌ಗ್ರೇಡಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಡಾಕ್ಟರ್ ರಾಶಿಚ್ ಎಂಬ ಸಣಕಲು ಮನುಷ್ಯ ಇಬ್ಬರನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದ. ಮೆದುಳಿನ ಎಡಗಡೆ ಗೆಡ್ಡೆ. ಕ್ಯಾನ್ಸರ್. ಮಾತು ಹುಟ್ಟುವ ಜಾಗಕ್ಕೆ ಒತ್ತಿಕೊಂಡೇ ಇದೆ.

"ಈ ಗೆಡ್ಡೆಗೆ ಬೇಲಿ ಇರಲ್ಲಮ್ಮ. ಒಳ್ಳೇ ಮೆದುಳಿನ ಸಂದೀಲೆಲ್ಲ ಬೇರು ಬಿಟ್ಟಿರುತ್ತೆ. ಬರೀ ಕಣ್ಣಿಗೆ ಎರಡೂ ಒಂದೇ ಥರ. ಅದಕ್ಕೇ ಆಪರೇಷನ್ ದಿನ ಬೆಳಿಗ್ಗೆ ಒಂದು ಮದ್ದು ಕುಡಿಸ್ತೀವಿ. ಗೆಡ್ಡೆ ಅದನ್ನ ಹೀರ್ಕೊಳ್ಳುತ್ತೆ. ಆಮೇಲೆ ತಲೆ ತೆರೆದು ನೀಲಿ ದೀಪ ಹಾಕಿದ್ರೆ ಒಳ್ಳೇ ಭಾಗ ನೀಲಿಯಾಗೇ ಇರುತ್ತೆ, ಗೆಡ್ಡೆ ಮಾತ್ರ ಬೂದಿಯೊಳಗಿನ ಕೆಂಡದ ಹಾಗೆ ಹೊಳೆಯುತ್ತೆ. ನಾವು ಕೆಂಡ ಆರಿಸ್ಕೊಂಡು ಹೋಗ್ತೀವಿ."

ವೆಲಿಬೋರ್ ಮಾತು ಹುಡುಕಿ ಹುಡುಕಿ ಜೋಡಿಸಿದ. "ನನ್ನ ತಲೇಲಿ... ದೀಪ ಇದೆ ಅಂತ... ಇವಳು ಯಾವತ್ತೂ ನಂಬಿಲ್ಲ, ಡಾಕ್ಟರೇ."

ರಾಶಿಚ್ ನಕ್ಕು, ಸ್ತಾಮೆಂಕಾಳ ಕಡೆ ತಿರುಗಿ ಕೇಳಿದ: "ಮನೇಲಿ ಬೇರೆ ಮದ್ದು ಏನಾದ್ರೂ ತಗೊಳ್ತಾರಾ?"

"ಏನೂ ಇಲ್ಲ, ಡಾಕ್ಟರೇ."

ಇದು ಸುಳ್ಳೇ? ಅರ್ಧ ಅಲ್ಲ. ಸ್ವರ್ಲಿಗ್‌ನಲ್ಲಿ ಚಹಾ ಮದ್ದಲ್ಲ, ಚಹಾ ಎಂದರೆ ಚಹಾ. ನೀರು ಕುಡಿಯುತ್ತೇನೆ ಎಂದು ಯಾರಾದರೂ ಡಾಕ್ಟರಿಗೆ ವರದಿ ಒಪ್ಪಿಸುತ್ತಾರೆಯೇ? ಉಳಿದರ್ಧ ಮಾತ್ರ ಸುಳ್ಳೇ. ಊರಿನ ಸರ್ಕಾರಿ ಡಾಕ್ಟರು ಹಿಂದೊಮ್ಮೆ ತುಂಬಿದ ಸಾಲಿನ ಎದುರು ಅವಳನ್ನು "ಹುಲ್ಲು ಮಾರೋಳು" ಎಂದು ಅಂದಿದ್ದರು. ಆ ಮಾತು ಮುಳ್ಳಿನಂತೆ ಒಳಗೇ ಮುರಿದು ಕುಳಿತಿತ್ತು. ಬಿಳಿ ಕೋಟಿನವರ ಎದುರು ತನ್ನ ಗಿಡಗಳ ಹೆಸರೆತ್ತುವುದಿಲ್ಲ ಎಂದು ಅವಳು ಆಗಲೇ ಶಪಥ ಮಾಡಿದ್ದಳು. ಶಪಥ ಮಾಡುವುದು ಸುಲಭ, ಅದನ್ನು ಯಾವ ಹೊತ್ತಿನಲ್ಲಿ ಮುರಿಯಬೇಕು ಎಂಬ ಬುದ್ಧಿ ಬರುವುದು ಕಷ್ಟ.

ಈಸ್ಟರ್‌ನಿಂದ ಅವಳು ದಿನಕ್ಕೆ ಮೂರು ಹೊತ್ತು ಕಂತಾರಿಯನ್ ಚಹಾ ಮಾಡಿ ಅವನಿಗೆ ಕುಡಿಸುತ್ತಿದ್ದಳು. ಗಿರಾಕಿಗಳಿಗೆ ಹೇಳುವಂತೆ ಒಂದು ಚಿಟಿಕೆಯಲ್ಲ, ಬೊಗಸೆ ತುಂಬ. ಅದು ಗೆಡ್ಡೆ ಕರಗಿಸುತ್ತದೆಂದು ಅವಳೇನೂ ನಂಬಿರಲಿಲ್ಲ, ಅಷ್ಟು ದಡ್ಡಿಯಲ್ಲ. ಆದರೆ ಮತ್ತೇನು ಮಾಡುವುದು? ನಲವತ್ತು ವರ್ಷ ಊರಿನ ನೋವಿಗೆಲ್ಲ ಪೊಟ್ಟಣ ಕಟ್ಟಿಕೊಟ್ಟ ಹೆಂಗಸು ಗಂಡನ ಮಾತು ದಿನಕ್ಕಿಷ್ಟು ಉದುರಿಹೋಗುವುದನ್ನು ಸುಮ್ಮನೆ ಕೂತು ನೋಡಬೇಕೇ? ಬೆಲ್‌ಗ್ರೇಡಿಗೆ ಬರುವಾಗಲೂ ಚೀಲದಲ್ಲಿ ಒಣಹೂವು ಬಂತು. ಅಲ್ಲೇ ವಾಸವಿದ್ದ ನಾದಿನಿಯ ಮನೆಯಲ್ಲಿ ಕಾಯಿಸಿ, ಥರ್ಮಾಸಿನಲ್ಲಿ ತುಂಬಿ ವಾರ್ಡಿಗೆ ತರುತ್ತಿದ್ದಳು. ಆಪರೇಷನ್ನಿನ ಹಿಂದಿನ ಸಂಜೆ ಅವನು ಕೊನೆಯ ಲೋಟವನ್ನೂ ಮುಖ ಕಿವುಚದೆ ಕುಡಿದ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ವಾರ್ಡಿನಲ್ಲಿದ್ದಳು. ಆ ಹೊತ್ತಿನಲ್ಲಿ ಮನೆಯವರನ್ನು ಬಿಡುವ ರೂಢಿಯಿಲ್ಲ. ಆದರೆ ನರ್ಸ್ ರಾದೊಯ್ಕಾ ಸ್ವರ್ಲಿಗ್ ಪಕ್ಕದ ತಿಮೋಕ್ ಕಡೆಯ ಹುಡುಗಿ, ಮಾತಿನ ರಾಗ ಕೇಳಿಯೇ ನಮ್ಮವರು ಎಂದು ಗುರುತು ಹಿಡಿದು ಒಳಗೆ ಬಿಟ್ಟಿದ್ದಳು. ಪುಡಿಯನ್ನು ನೀರಲ್ಲಿ ಕದಡಿ ಸಣ್ಣ ಲೋಟದಲ್ಲಿ ಕೊಟ್ಟಳು. ವೆಲಿಬೋರ್ ಅದನ್ನು ರಾಕಿಯಾ ಸಾರಾಯಿ ಕುಡಿಯುವವನಂತೆ ಒಂದೇ ಗುಟುಕಿಗೆ ಎತ್ತಿ, ಬಾಯಿ ಒರೆಸಿಕೊಂಡ.

"ಏನೂ... ಕಿಕ್ಕಿಲ್ಲ."

"ಕಿಕ್ಕು ಆಮೇಲೆ, ಚಿಕ್ಕಪ್ಪ," ಎಂದು ರಾದೊಯ್ಕಾ ಕಿಟಕಿಯ ಪರದೆ ಎಳೆದಳು. ತಲೆಯ ಮೇಲಿನ ದೀಪವನ್ನೂ ಆರಿಸಿದಳು. "ಇನ್ನು ನಾಳೆವರೆಗೂ ಇವರಿಗೆ ಬೆಳಕು ತೋರಿಸೋ ಹಾಗಿಲ್ಲ, ಚಿಕ್ಕಮ್ಮ. ಬಿಸಿಲಂತೂ ದೇವರಾಣೆ ಬೇಡ."

"ಯಾಕಮ್ಮ?"

"ಆ ಮದ್ದು ಗೆಡ್ಡೇಲಿ ಮಾತ್ರ ಇರಲ್ಲ, ಸ್ವಲ್ಪ ಚರ್ಮದಲ್ಲೂ ಇರುತ್ತೆ. ಬೆಳಕು ಬಿದ್ರೆ ಸುಟ್ಟು ಬೊಬ್ಬೆ ಏಳುತ್ತೆ."

ರಾದೊಯ್ಕಾ ಅಷ್ಟು ಹೇಳಿ ಮುಂದಿನ ಮಂಚಕ್ಕೆ ಹೋದಳು. ಸ್ತಾಮೆಂಕಾ ನಿಂತಲ್ಲೇ ನಿಂತಳು. ಬೆಳಕು ಬಿದ್ದರೆ ಸುಡುವ ಚರ್ಮವನ್ನು ಅವಳು ನೋಡಿದ್ದಳು. ಅವಳ ಅಪ್ಪ ಕುರಿ ಕಾಯುವವನು. ಜೂನ್ ತಿಂಗಳಲ್ಲಿ ಬಿಳಿ ಕುರಿಗಳು ಕಂತಾರಿಯನ್ ಮೇಯ್ದು ಬಿಸಿಲಿಗೆ ನಿಂತರೆ ಮೂತಿ ಊದಿಕೊಂಡು, ಕಿವಿ ಸಿಪ್ಪೆಯಂತೆ ಸುಲಿದು, ತಲೆಯನ್ನು ಕಲ್ಲಿಗೆ ಉಜ್ಜುತ್ತ ಅರಚುತ್ತಿದ್ದವು. ಕಪ್ಪು ಕುರಿಗಳಿಗೆ ಏನೂ ಆಗುತ್ತಿರಲಿಲ್ಲ. ಅಪ್ಪ ಬಿಳಿಯವನ್ನು ಕತ್ತಲೆ ದೊಡ್ಡಿಗೆ ಹಾಕಿ, ಎಷ್ಟೋ ದಿನ ಹೊರಗೇ ಬಿಡುತ್ತಿರಲಿಲ್ಲ. ಕೆಲವು ಬದುಕುತ್ತಿದ್ದವು, ಕೆಲವು ಸಾಯುತ್ತಿದ್ದವು.

ಬೆಳಕನ್ನು ವಿಷ ಮಾಡುವ ಎರಡು ವಸ್ತು ಈಗ ವೆಲಿಬೋರನ ರಕ್ತದಲ್ಲಿದ್ದವು. ಒಂದು ಡಾಕ್ಟರು ಕೊಟ್ಟದ್ದು, ಇನ್ನೊಂದು ಅವಳು ಕೊಟ್ಟದ್ದು. ಡಾಕ್ಟರಿಗೆ ಗೊತ್ತಿದ್ದದ್ದು ಒಂದೇ. ಇನ್ನು ಸ್ವಲ್ಪ ಹೊತ್ತಿಗೆ ಅವನ ತಲೆ ತೆರೆದು, ಒಳಗೆ ದೀಪ ಬಿಡುತ್ತಾರೆ. ಮೂತಿಯ ಚರ್ಮವೇ ಹಾಗಾಗುವುದಾದರೆ ತೆರೆದಿಟ್ಟ ಮೆದುಳಿನ ಗತಿಯೇನು? ಅವಳು ಗಂಡನ ಮುಖ ನೋಡಲಾರದೆ ಹೊರಗೆ ನಡೆದಳು.

ಹೇಳಿಬಿಟ್ಟರೆ? ಆಪರೇಷನ್ ನಿಲ್ಲಿಸುತ್ತಾರೆ. ಆ ಕೋಣೆ, ಆ ನೀಲಿ ದೀಪದ ಯಂತ್ರ, ಆ ಡಾಕ್ಟರು, ಮೂರೂ ಒಟ್ಟಿಗೆ ಸಿಗಲು ಎಷ್ಟು ಜನ ಕಾಯುತ್ತಿದ್ದಾರೆಂದು ರಾದೊಯ್ಕಾ ಹೇಳಿದ್ದಳು. ಇವತ್ತು ತಪ್ಪಿದರೆ ಮತ್ತೆ ಯಾವಾಗಲೋ. ಗೆಡ್ಡೆ ಮಾತ್ರ ಯಾರಿಗೂ ಕಾಯುವುದಿಲ್ಲ, ಅಷ್ಟರಲ್ಲಿ ಅವನ ಬಾಯಲ್ಲಿ ಒಂದು ಪದವೂ ಉಳಿಯದಿರಬಹುದು. ಹೇಳದಿದ್ದರೆ? ಹೇಳದಿದ್ದರೆ ತನ್ನ ಕೈಯಾರೆ ಕೊಂದ ಹಾಗೆ. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ. ಡಾಕ್ಟರ್ ರಾಶಿಚ್ ಕಾಫಿ ಲೋಟ ಹಿಡಿದು ಅವಳ ಮುಂದೆಯೇ ಹಾದುಹೋದ, ತಲೆದೂಗಿ ಗುರುತಿನ ನಗೆ ನಕ್ಕ. ಅವಳ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಸಂತೆಯನ್ನೇ ಮೂರು ಬೀದಿಗೆ ಕೇಳಿಸುವಂತೆ ಆಳಿದ ಬಾಯಿ ಅದು. ಅವಳು ಗೋಡೆಗೆ ಮುಖ ಮಾಡಿ, ಸಂತ ಪೇಟ್ಕಾ ತಾಯಿ, ನೀನಾದರೂ ಹೇಳು ಎಂದು ಶಿಲುಬೆಯ ಗುರುತು ಹಾಕಿಕೊಂಡಳು. ಪೇಟ್ಕಾ ಡಾಕ್ಟರ ಹಿಂದೆ ಓಡಲಿಲ್ಲ. ಓಡಬೇಕಾದವಳು ಯಾರೆಂದು ಸ್ತಾಮೆಂಕಾಳಿಗೆ ಗೊತ್ತಿತ್ತು, ಗೊತ್ತಿದ್ದೂ ಕಾಲು ಏಳಲಿಲ್ಲ.

ಆಗ ವಾರ್ಡಿನ ಬಾಗಿಲು ತೆರೆದು ತಳ್ಳುಮಂಚ ಹೊರಬಂತು. ಇಬ್ಬರು ಆಳುಗಳು ತಳ್ಳುತ್ತಿದ್ದರು. ಮಂಚದ ಮೇಲಿದ್ದವನಿಗೆ ಕಾಲಿನಿಂದ ತಲೆಯವರೆಗೆ, ಮುಖ ಸೇರಿಸಿ, ಬಿಳಿ ಬಟ್ಟೆ ಹೊದಿಸಿತ್ತು.

ಸ್ತಾಮೆಂಕಾ ಕಿರುಚಿದ ದನಿಗೆ ಓಣಿಯ ಕೊನೆಯಲ್ಲಿದ್ದವರೂ ತಿರುಗಿದರು. ಅವಳು ಹೋಗಿ ಮಂಚಕ್ಕೆ ಅಡ್ಡ ಬಿದ್ದಳು. "ಸತ್ತುಹೋದ! ನಾನೇ ಕೊಂದೆ! ಅಯ್ಯೋ ನಾನೇ ಕೊಂದೆ!"

"ಚಿಕ್ಕಮ್ಮ, ಬದುಕಿದಾರೆ!" ರಾದೊಯ್ಕಾ ಓಡಿಬಂದು ಅವಳ ಭುಜ ಹಿಡಿದಳು. "ಓಣಿ ದೀಪ ತಾಗಬಾರ್ದು ಅಂತ ಮುಖ ಮುಚ್ಚಿದೀವಿ. ನೋಡಿ, ಉಸಿರಾಡ್ತಿದಾರೆ."

"ಕಂತಾರಿಯನ್ ಕುಡಿಸಿದೀನಿ!" ಎಂದಳು ಸ್ತಾಮೆಂಕಾ. ಇಷ್ಟು ಹೊತ್ತು ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಒಮ್ಮೆಲೇ ಹೊರಬಿತ್ತು. "ಈಸ್ಟರ್‌ನಿಂದ. ಮೂರು ಹೊತ್ತು. ನಿನ್ನೆ ಸಂಜೇನೂ ಕುಡಿಸಿದೀನಿ. ನಮ್ಮಪ್ಪನ ಕುರಿಗಳು ಹಿಂಗೇ ಸುಟ್ಟು ಸತ್ತವು. ದೀಪ ಹಾಕ್ಬೇಡಿ, ಅವನ ತಲೇಗೆ ದೀಪ ಹಾಕ್ಬೇಡಿ!"

ರಾಶಿಚ್ ಗಲಾಟೆ ಕೇಳಿ ಬಂದವನು ಅಷ್ಟನ್ನೂ ಕೇಳಿಸಿಕೊಂಡ. ಅವನ ಮುಖದ ಬಣ್ಣವೇ ಬದಲಾಯಿತು. "ಆವತ್ತೇ ಕೇಳಿದ್ನಲ್ಲಮ್ಮ ನಾನು!"

"ಮದ್ದು ಕೇಳಿದ್ರಿ," ಎಂದಳು ಅವಳು ಸಣ್ಣ ದನಿಯಲ್ಲಿ. "ಚಹಾ ಕೇಳ್ಲಿಲ್ಲ."

ರಾಶಿಚ್ ಅರಿವಳಿಕೆ ಕೊಡುವ ಡಾಕ್ಟರಮ್ಮನನ್ನು ಕರೆಸಿದ. ಇಬ್ಬರೂ ಕಿಟಕಿಯ ಬಳಿ ನಿಂತು ತಗ್ಗಿದ ದನಿಯಲ್ಲಿ ವಾದಿಸಿದರು. ನಿದ್ದೆ ಮದ್ದಿನ ಲೆಕ್ಕವೂ ತಪ್ಪುತ್ತದೆ ಎಂದು ಡಾಕ್ಟರಮ್ಮ, ಕಾದರೆ ಗೆಡ್ಡೆ ಮಾತಿನ ಜಾಗವನ್ನು ನುಂಗುತ್ತದೆ ಎಂದು ಅವನು. ಸ್ತಾಮೆಂಕಾಳಿಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಆಗ ಬಿಳಿ ಬಟ್ಟೆಯ ಅಡಿಯಿಂದ ದನಿ ಬಂತು.

"ಗೇಟು... ಹಾಕಿ ಆಯ್ತು. ರೈಲು... ಬಿಡಿ."

ಆಳುಗಳಲ್ಲೊಬ್ಬ ಫಕ್ಕನೆ ನಕ್ಕ. ರಾಶಿಚ್ ನಗಲಿಲ್ಲ. ಮಂಚದ ಬಳಿ ಬಂದು ಬಾಗಿ, "ಅಪಾಯ ಜಾಸ್ತಿ ಇದೆ, ವೆಲಿಬೋರ್. ಮಾಡ್ಲಾ?" ಎಂದು ಕೇಳಿದ. "ಮಾಡಿ" ಎಂಬ ಉತ್ತರ ತಡವಿಲ್ಲದೆ ಬಂತು. ಆಮೇಲೆ ರಾಶಿಚ್ ಒಂದೊಂದೇ ಆಜ್ಞೆ ಕೊಟ್ಟ. ಕಿವಿ, ಬೆರಳು, ಏನೂ ಬಿಡದೆ ಮುಚ್ಚಿ. ನಾಡಿ ನೋಡಲು ಬೆರಳಿಗೆ ಹಾಕುವ ಕ್ಲಿಪ್ಪನ್ನು ಒಂದೇ ಕಡೆ ಬಿಡಬೇಡಿ, ಅದರಲ್ಲೂ ಬೆಳಕಿದೆ. ನೀಲಿ ದೀಪ ನಾನು ಹೇಳಿದಾಗ ಮಾತ್ರ, ಹೇಳಿದಷ್ಟೇ ಹೊತ್ತು. ಕೊನೆಗೆ ಸ್ತಾಮೆಂಕಾಳ ಕಡೆ ತಿರುಗಿದ. "ಹೇಳಿದ್ದು ಒಳ್ಳೇದಾಯ್ತು. ಮುಂಚೇನೇ ಹೇಳಿದ್ರೆ ಇನ್ನೂ ಒಳ್ಳೇದಿತ್ತು." ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಈ ಮಾತನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಅವನನ್ನು ಒಳಗೆ ಕರೆದೊಯ್ದರು. ಅವಳು ಓಣಿಯ ಬೆಂಚಿನ ಮೇಲೆ ಕುಳಿತಳು. ನಾದಿನಿ ಬಂದು ಚೀಸು ತುಂಬಿದ ಪೇಸ್ಟ್ರಿ ಕೊಟ್ಟಳು, ಅದು ಮಡಿಲಲ್ಲೇ ತಣ್ಣಗಾಯಿತು. ಕಣ್ಣು ಮುಚ್ಚಿದರೆ ನೀಲಿ ಕೋಣೆ, ಅದರ ನಡುವೆ ಕೆಂಡದ ಹಾಗೆ ಹೊಳೆಯುವ ತನ್ನ ಗಂಡನ ತಲೆ. ಹೊಳೆಯುವುದು ಗೆಡ್ಡೆಯೋ, ತಾನು ಹಾಕಿದ ಹೂವೋ, ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ತಪ್ಪು ಜಾಗಕ್ಕೆ ಕತ್ತರಿ ಬಿದ್ದರೆ? ಕೇಳಲು ಯಾರೂ ಇರಲಿಲ್ಲ. ಇದ್ದಿದ್ದರೂ ಕೇಳುವ ಧೈರ್ಯ ಅವಳಿಗಿರಲಿಲ್ಲ.

ರಾಶಿಚ್ ಹೊರಬಂದಾಗ ಹಣೆಯಲ್ಲಿ ಟೋಪಿಯ ಗೆರೆ ಅಚ್ಚಾಗಿತ್ತು. ಅವಳು ಎದ್ದಳು. ಅವನು ಅವಳನ್ನು ಕೂರಿಸಿ, ತಾನೂ ಪಕ್ಕದಲ್ಲೇ ಕುಳಿತ.

"ಬದುಕಿದಾರೆ. ಗೆಡ್ಡೆ ಚೆನ್ನಾಗಿ ಹೊಳೀತು, ನಿಮ್ಮ ಚಹಾ ಅದಕ್ಕೇನೂ ಅಡ್ಡ ಬರ್ಲಿಲ್ಲ. ಹೊಳೆದಿದ್ದನ್ನೆಲ್ಲ ತೆಗೆದಿದೀನಿ, ಒಂದು ಕಡೆ ಬಿಟ್ಟು."

"ಒಂದು ಕಡೆ?"

"ಮಾತಿನ ಜಾಗದ ಅಂಚಲ್ಲಿ, ಹುರುಳಿಕಾಳಿನಷ್ಟು. ಅಲ್ಲಿ ಇನ್ನೂ ಹೊಳೀತಿತ್ತು, ನನಗೆ ಕಾಣ್ತಿತ್ತು. ತೆಗೆದಿದ್ರೆ ಮಾತು ಪೂರ್ತಿ ಹೋಗ್ತಿತ್ತು. ಅದಕ್ಕೆ ಮುಂದೆ ಬೇರೆ ಚಿಕಿತ್ಸೆ ಮಾಡೋಣ. ಆದ್ರೆ ಒಂದಲ್ಲ ಒಂದು ದಿನ ಅದು ಮತ್ತೆ ಬೆಳೆಯುತ್ತೆ. ನಿಮಗೆ ಸುಳ್ಳು ಹೇಳಲ್ಲ."

"ಈಗ ಮಾತಾಡ್ತಾನಾ?"

"ಕಾಯ್ಬೇಕು. ಊತ ಇಳೀಬೇಕು. ಪದಕ್ಕೆ ತಡಕಾಡ್ತಾರೆ, ಆಗ ನೀವು ಎತ್ತಿ ಕೊಡ್ಬೇಡಿ. ಅವರೇ ಹುಡುಕ್ಲಿ. ಇನ್ನೊಂದು. ಬೇರೆಯವರಿಗೆ ಒಂದೆರಡು ದಿನದ ಕತ್ತಲು ಸಾಕು. ಇವರಿಗೆ ನಾನು ಹೇಳೋವರೆಗೂ ಬೇಕು."

ಹೀಗೆ ಸ್ತಾಮೆಂಕಾ ಕತ್ತಲೆ ಕೋಣೆಯ ಕಾವಲುಗಾರ್ತಿಯಾದಳು. ಕಿಟಕಿಗೆ ಕಂಬಳಿ ಬಡಿದಿದ್ದರು. ನೆಲ ಒರೆಸುವವಳು ಬಾಗಿಲನ್ನು ಒಂದು ಗೇಣು ಹೆಚ್ಚು ತೆರೆದರೂ ಅವಳು ಹಾವಿನಂತೆ ಬುಸುಗುಟ್ಟುತ್ತಿದ್ದಳು. ರಾದೊಯ್ಕಾ ಮಂದ ದೀಪ ಹಿಡಿದು ಬಂದು ಅವನ ಕಿವಿ, ಮೂಗಿನ ತುದಿ ನೋಡಿ, "ಸ್ವಲ್ಪ ಕೆಂಪಾಗಿದೆ ಅಷ್ಟೇ, ಚಿಕ್ಕಮ್ಮ" ಎನ್ನುತ್ತಿದ್ದಳು. ಚರ್ಮ ಉಳಿಯಿತು. ಮಾತು? ಮೊದಲ ದಿನ ಅವನು ನಿದ್ದೆಯಲ್ಲೇ ಇದ್ದ. ಎರಡನೆಯ ದಿನ ಕಣ್ಣು ತೆರೆದ, ಹೇಳಿದರೆ ಕೈ ಅಮುಕಿದ, ತುಟಿ ಅಲುಗಿಸಿದ. ದನಿ ಬರಲಿಲ್ಲ. ಆಮೇಲಿನ ದಿನವೂ ಇಲ್ಲ. "ಚಹಾದಿಂದ ಹಿಂಗಾಯ್ತಾ, ಮಗಳೇ?" ಎಂದು ಅವಳು ರಾದೊಯ್ಕಾಳನ್ನು ಮತ್ತೆ ಮತ್ತೆ ಕೇಳಿದಳು. ರಾದೊಯ್ಕಾ ಪ್ರತಿ ಸಲವೂ, "ಗೊತ್ತಿಲ್ಲ, ಚಿಕ್ಕಮ್ಮ" ಎಂದಳು. ಹುಡುಗಿ ಪ್ರಾಮಾಣಿಕಳು, ಒಂದು ಸುಳ್ಳಾದರೂ ಹೇಳಬಾರದಿತ್ತೇ ಎನಿಸುತ್ತಿತ್ತು ಸ್ತಾಮೆಂಕಾಳಿಗೆ.

ನಾಲ್ಕನೆಯ ದಿನ ಮಧ್ಯಾಹ್ನವಿರಬೇಕು, ಹೊರಗೆ ಊಟದ ಗಾಡಿಯ ಸದ್ದು ಕೇಳಿಸುತ್ತಿತ್ತು.

"ಸ್ತಾ..."

ಅವಳು ಮಂಚದತ್ತ ಬಾಗಿದಳು.

"ಸ್ತಾ... ಮೆಂಕಾ."

ಹೆಸರು ಪೂರ್ತಿ ಬಂದಿತ್ತು. ಅವಳಿಗೆ ಅಳು ನುಗ್ಗಿ ಬಂತು. ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡಳು.

"ಕತ್ತಲು," ಎಂದ ಅವನು. "ಯಾಕೆ?"

ಎಲ್ಲಿ ಕೇಳಿಬಿಡುತ್ತಾನೋ ಎಂದು ಅವಳು ಹೆದರಿದ್ದ ಪ್ರಶ್ನೆಯನ್ನೇ ಅವನು ಮೊದಲು ಕೇಳಿದ್ದ. "ನನ್ನಿಂದ," ಎಂದಳು. "ಆ ಚಹಾ ಕುಡಿಸ್ಬಾರ್ದಿತ್ತು. ಆ ಮದ್ದಿನ ಜೊತೆ ಅದು ಸೇರ್ಬಾರ್ದಿತ್ತಂತೆ. ನಾನು ಡಾಕ್ಟರಿಗೆ ಸುಳ್ಳು ಹೇಳಿದ್ದೆ. ನಿನ್ನನ್ನ ಸಾಯಿಸ್ತಿದ್ದೆ ನಾನು."

"ಗೊತ್ತು."

"ಏನು ಗೊತ್ತು? ಮಲಗಿದ್ದೋನಿಗೆ ಏನು ಗೊತ್ತು ನಿಂಗೆ?"

ಅವನು ತಡಕಾಡತೊಡಗಿದ. ಒಂದೊಂದು ಪದಕ್ಕೂ ಬೆಟ್ಟ ಹತ್ತಿದಷ್ಟು ಹೊತ್ತು. "ಮೊದಲ ಸಲ... ಬಂದಾಗ. ನೀನು... ಕೆಳಗೆ... ಕಾಫಿಗೆ ಹೋದೆ. ಚಿಕ್ಕ... ಡಾಕ್ಟರು... ಹೇಳಿದ. ಆ... ಆ ಹಳದಿ..."

ಸಂತೆಯಲ್ಲಿ ದಿನವಿಡೀ ಕೂಗಿದ ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡು ಕಾದಳು.

"ಹಳದಿದು. ಕುಡೀಬೇಡ... ಅಂತ."

ಸ್ತಾಮೆಂಕಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಇಷ್ಟು ದಿನದ ಭಯವೆಲ್ಲ ಸಿಟ್ಟಾಗಿ ತಿರುಗಿತು. "ಗೊತ್ತಿತ್ತಾ? ಗೊತ್ತಿದ್ದೂ ಮೂರು ಹೊತ್ತು ಕುಡಿದ್ಯಾ, ಮುಠ್ಠಾಳಾ? ಒಂದು ಮಾತು ಹೇಳೋಕೆ ಏನಾಗಿತ್ತು? ತಲೆ ಅಲ್ಲಾಡಿಸೋಕೂ ಆಗ್ಲಿಲ್ವಾ? ಚೆಲ್ಲೋಕೂ ಆಗ್ಲಿಲ್ವಾ? ಸಾಯ್ತಿದ್ಯಲ್ಲೋ! ಯಾಕೋ ಕುಡಿದೆ?"

ಅವನು ಪದ ಸಿಗದೆ ಸುಮ್ಮನಾದನೋ, ಸಿಕ್ಕ ಪದವನ್ನು ಹೇಳಲೋ ಬೇಡವೋ ಎಂದು ಸುಮ್ಮನಾದನೋ, ಕತ್ತಲಲ್ಲಿ ಅವಳಿಗೆ ತಿಳಿಯಲಿಲ್ಲ. ಅವಳು ಪದ ಎತ್ತಿ ಕೊಡಲಿಲ್ಲ. ಕೊಡಲು ಅವಳ ಬಳಿಯೂ ಇರಲಿಲ್ಲ.

"ನಿನ್ನ... ಕೈ," ಎಂದ ಕೊನೆಗೆ.

"ನನ್ನ ಕೈಗೇನಾಗಿತ್ತು?"

"ಇಡೀ ದಿನ... ನಡುಗ್ತಿತ್ತು. ಅದು... ಕಾಯಿಸುವಾಗ... ಮಾತ್ರ... ಇಲ್ಲ."

ಸ್ತಾಮೆಂಕಾ ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದಿಟ್ಟು ಬಲವಾಗಿ ಅದುಮಿ ಹಿಡಿದಳು. ಬಿಟ್ಟರೆ ಅವುಗಳ ನಡುಕ ಈ ಕತ್ತಲಲ್ಲೂ ಅವನಿಗೆ ಕಂಡುಬಿಡುತ್ತದೆ ಎಂದು ಅವಳಿಗೆ ಹೆದರಿಕೆಯಾಯಿತು.